ಬಾಹ್ಯಾಕಾಶಕ್ಕೆ ಖಾಸಗಿ ರಹದಾರಿ: ಹಣ ಯಾರದು, ಹೊಣೆ ಯಾರದು?

ಖಾಸಗಿ ಒಡೆತನದ ರಾಕೆಟ್ ಅಥವಾ ನೌಕೆಯಲ್ಲಿ, ಶುಲ್ಕ ಪಡೆದು, ಮನುಷ್ಯರನ್ನೋ ಸರಕನ್ನೋ ಉಪಗ್ರಹವನ್ನೋ ಒಯ್ಯುವ ಉದ್ಯಮಕ್ಕೆ ವಾಣಿಜ್ಯ ಬಾಹ್ಯಾಕಾಶಯಾನ ಎಂದು ಹೆಸರು. ಈ ಸುದ್ದಿ ಬಂದಾಗಲೆಲ್ಲ ಓದುಗರು ಎರಡು ಬಣವಾಗುವುದು ವಾಡಿಕೆ. ಸರ್ಕಾರಗಳಿಂದ ಆಗದ್ದನ್ನು ಖಾಸಗಿಯವರು ಮಾಡಿ ತೋರಿಸಿದರು ಎಂಬುದು ಒಂದು ಬಣದ ವಾದ. ಇದು ಸಾರ್ವಜನಿಕರ ದುಡ್ಡಿನಲ್ಲಿ ನಡೆದಿರುವ ಸಿರಿವಂತರ ಜಾತ್ರೆ ಎಂಬುದು ಇನ್ನೊಂದರ ಆಕ್ಷೇಪ. ದಾಖಲೆಗಳು ಎರಡೂ ಕಡೆಯವರಿಗೆ ಅಷ್ಟಿಷ್ಟು ಮುಜುಗರ ತರುವಂಥವೇ.

2001ರಲ್ಲಿ ಅಮೆರಿಕದ ಉದ್ಯಮಿ ಡೆನಿಸ್ ಟಿಟೊ ಸುಮಾರು 2 ಕೋಟಿ ಡಾಲರ್ ತೆತ್ತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಆದರೆ ಅವರು ಏರಿದ್ದು ರಷ್ಯಾ ಸರ್ಕಾರದ ಸೊಯುಜ್ ನೌಕೆಯನ್ನು. ಪೂರ್ಣ ಖಾಸಗಿ ಎನ್ನಬಹುದಾದ ಮೊದಲ ಮಾನವಸಹಿತ ಯಾನ 2004ರ ಜೂನ್ 21ರದು. ಬರ್ಟ್ ರುಟಾನ್ ವಿನ್ಯಾಸಗೊಳಿಸಿ, ಪಾಲ್ ಅಲೆನ್ ಬಂಡವಾಳ ಹೂಡಿದ 'ಸ್ಪೇಸ್‌ಶಿಪ್‌ಒನ್' ಅಂದು ನೂರು ಕಿ.ಮೀ. ಎತ್ತರವನ್ನು ದಾಟಿತು. ಅದೇ ವರ್ಷ ಅಕ್ಟೋಬರ್ 4ರಂದು, ಅಂದರೆ ಸ್ಪುಟ್ನಿಕ್ ಹಾರಿದ ವಾರ್ಷಿಕ ದಿನದಂದೇ, ಎರಡು ವಾರದೊಳಗೆ ಎರಡು ಬಾರಿ ಹಾರಬೇಕೆಂಬ ಷರತ್ತನ್ನು ಪೂರೈಸಿ ಒಂದು ಕೋಟಿ ಡಾಲರಿನ ಅನ್ಸಾರಿ ಎಕ್ಸ್ ಪ್ರಶಸ್ತಿಯನ್ನು ಗೆದ್ದುಕೊಂಡಿತು.

ಚರ್ಚೆಗಳು ಹೆಚ್ಚಾಗಿ ಹಾದಿ ತಪ್ಪುವುದು ಇಲ್ಲಿಯೇ. ನೂರು ಕಿ.ಮೀ. ಮೇಲಕ್ಕೆ ಚಿಮ್ಮಿ ಮರಳುವುದು ಒಂದು ಸಂಗತಿ, ಭೂಮಿಯನ್ನು ಸುತ್ತುವುದು ಬೇರೆಯೇ ಸಂಗತಿ. ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು; ಸ್ಪೇಸ್‌ಶಿಪ್‌ಒನ್ ಮುಟ್ಟಿದ್ದು ಒಂದು ಕಿ.ಮೀ. ಆಸುಪಾಸಿನ ವೇಗವನ್ನು. ಪ್ರತಿ ಕಿಲೋ ತೂಕಕ್ಕೆ ಬೇಕಾಗುವ ಶಕ್ತಿಯ ಲೆಕ್ಕದಲ್ಲಿ ಅಂತರ ಮೂವತ್ತು ಪಟ್ಟಿಗೂ ಮಿಗಿಲು. 2021ರ ಜುಲೈನಲ್ಲಿ ರಿಚರ್ಡ್ ಬ್ರಾನ್ಸನ್, ಜೆಫ್ ಬೆಜೋಸ್ ಒಂಬತ್ತು ದಿನಗಳ ಅಂತರದಲ್ಲಿ ಕೈಗೊಂಡ ಯಾನಗಳೂ ಇಂಥ ಜಿಗಿತಗಳೇ. ಅವನ್ನು ಹಿಡಿದು ಇಡೀ ಉದ್ಯಮವನ್ನು ಹೊಗಳುವುದಾಗಲಿ ಜರಿಯುವುದಾಗಲಿ ನ್ಯಾಯವಲ್ಲ.

ಖಜಾನೆಯ ಪಾಲು

ಎಲಾನ್ ಮಸ್ಕ್ 2002ರಲ್ಲಿ ಸ್ಥಾಪಿಸಿದ ಸ್ಪೇಸ್‌ಎಕ್ಸ್‌ನ ಮೊದಲ ಮೂರು ಉಡಾವಣೆಗಳು ವಿಫಲವಾದವು. ನಾಲ್ಕನೆಯದು 2008ರ ಸೆಪ್ಟೆಂಬರ್‌ನಲ್ಲಿ ಕಕ್ಷೆ ಸೇರಿತು. ಮೂರೇ ತಿಂಗಳಲ್ಲಿ ನಾಸಾ ಆ ಸಂಸ್ಥೆಗೆ ಹನ್ನೆರಡು ಸರಕು ಯಾನಗಳಿಗಾಗಿ 160 ಕೋಟಿ ಡಾಲರ್ ಗುತ್ತಿಗೆ ನೀಡಿತು. ಸರ್ಕಾರದ ಹಣವಿಲ್ಲದೆ ಈ ಸಂಸ್ಥೆ ಬೆಳೆಯಿತು ಎನ್ನುವುದು ಹಾಗಾಗಿ ಕಟ್ಟುಕಥೆ. ಆದರೆ ಹಣ ಕೊಡುವ ರೀತಿ ಬದಲಾಗಿತ್ತು ಎಂಬುದನ್ನು ಟೀಕಾಕಾರರು ಮರೆಯುತ್ತಾರೆ. ಹಳೆಯ ಪದ್ಧತಿಯಲ್ಲಿ ತಗುಲಿದ ವೆಚ್ಚದ ಮೇಲೆ ಲಾಭ ಸೇರಿಸಿ ಕೊಡಲಾಗುತ್ತಿತ್ತು. ಕೆಲಸ ತಡವಾದಷ್ಟೂ ಗುತ್ತಿಗೆದಾರನಿಗೆ ಅನುಕೂಲ. ಹೊಸ ಪದ್ಧತಿಯಲ್ಲಿ ಬೆಲೆ ಮೊದಲೇ ನಿಗದಿ. ಮೀರಿದ ಖರ್ಚನ್ನು ಸಂಸ್ಥೆಯೇ ಭರಿಸಬೇಕು.

ಇದರ ಬಿಸಿ ತಟ್ಟಿದ್ದು ಬೋಯಿಂಗ್‌ಗೆ. ಗಗನಯಾತ್ರಿಗಳನ್ನು ಒಯ್ಯಲು 2014ರಲ್ಲಿ ಬೋಯಿಂಗ್‌ಗೆ 420 ಕೋಟಿ, ಸ್ಪೇಸ್‌ಎಕ್ಸ್‌ಗೆ 260 ಕೋಟಿ ಡಾಲರ್ ಗುತ್ತಿಗೆ ದೊರೆಯಿತು. ಕಡಿಮೆ ಹಣ ಪಡೆದವರು 2020ರ ಮೇ ತಿಂಗಳಲ್ಲೇ ಇಬ್ಬರನ್ನು ಕಳುಹಿಸಿದರು. ಬೋಯಿಂಗ್‌ನ ಸ್ಟಾರ್‌ಲೈನರ್ 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಅವರನ್ನು ನಿಲ್ದಾಣಕ್ಕೆ ಮುಟ್ಟಿಸಿತಾದರೂ ಖಾಲಿಯಾಗಿ ಮರಳಿತು. ಎಂಟು ದಿನಗಳ ಲೆಕ್ಕ ಹಾಕಿ ಹೊರಟವರು ಒಂಬತ್ತು ತಿಂಗಳ ನಂತರ, 2025ರ ಮಾರ್ಚ್‌ನಲ್ಲಿ, ಪ್ರತಿಸ್ಪರ್ಧಿಯ ನೌಕೆಯಲ್ಲಿ ಇಳಿದರು. ಬೋಯಿಂಗ್‌ಗೆ ಆದ ನಷ್ಟ 200 ಕೋಟಿ ಡಾಲರ್ ಮೀರಿದೆ.

ಮರುಬಳಕೆಯ ವಿಚಾರವೂ ಹಳೆಯದೇ. 1981ರಿಂದ 2011ರವರೆಗೆ 135 ಬಾರಿ ಹಾರಿದ ಸ್ಪೇಸ್ ಶಟಲ್ ಅಗ್ಗವಾಗಬೇಕಿತ್ತು, ಆಗಲಿಲ್ಲ. ಪ್ರತಿ ಯಾನದ ನಡುವೆ ತಿಂಗಳುಗಟ್ಟಲೆ ರಿಪೇರಿ. ಕಲ್ಪನಾ ಚಾವ್ಲಾ ಸೇರಿದಂತೆ ಹದಿನಾಲ್ಕು ಜೀವಗಳೂ ಹೋದವು. 2015ರ ಡಿಸೆಂಬರ್‌ನಲ್ಲಿ ನೆಲಕ್ಕಿಳಿದ ಫಾಲ್ಕನ್-9ರ ಮೊದಲ ಹಂತ ಆ ಲೆಕ್ಕವನ್ನು ತಿರುಗಿಸಿತು. ಅಂಥದ್ದೊಂದು ಹಂತ 30ಕ್ಕೂ ಹೆಚ್ಚು ಬಾರಿ ಹಾರಿದೆ. ಎರಡನೇ ಹಂತವನ್ನು ಮಾತ್ರ ಪ್ರತಿ ಸಲವೂ ಹೊಸದಾಗಿಯೇ ಕಟ್ಟಬೇಕು.

ಅಪಘಾತವಾದರೆ?

2014ರ ಅಕ್ಟೋಬರ್ 31ರಂದು ವರ್ಜಿನ್ ಗ್ಯಾಲಕ್ಟಿಕ್ ನೌಕೆ ಪರೀಕ್ಷಾ ಹಾರಾಟದಲ್ಲಿ ಛಿದ್ರಗೊಂಡು ಒಬ್ಬ ಪೈಲಟ್ ಮೃತಪಟ್ಟರು. ಅಮೆರಿಕದ 2004ರ ಕಾಯ್ದೆಯಂತೆ ಬಾಹ್ಯಾಕಾಶ ಪ್ರಯಾಣಿಕರ ಸುರಕ್ಷತೆಗೆ ಸರ್ಕಾರ ನಿಯಮ ವಿಧಿಸುವುದಕ್ಕೆ ಬಹುಮಟ್ಟಿಗೆ ತಡೆಯಿದೆ. ಅಪಾಯ ತಿಳಿದು ಪ್ರಯಾಣಿಕ ರುಜು ಹಾಕಿದರೆ ಸಾಕು. ಉದ್ಯಮ ಎಳೆಯದು ಎಂಬ ಕಾರಣಕ್ಕೆ ಕೊಟ್ಟ ಈ ವಿನಾಯಿತಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಗಿದೆ. ಎರಡು ದಶಕ ಕಳೆದ ಮೇಲೂ ಕೂಸು ತೊಟ್ಟಿಲಲ್ಲೇ ಇರಬೇಕೆ?

ನೆಲದ ಮೇಲಿನವರ ಪ್ರಶ್ನೆ ಬೇರೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಖಾಸಗಿ ಸಂಸ್ಥೆಯ ಚಟುವಟಿಕೆಗೂ ಆಯಾ ದೇಶವೇ ಹೊಣೆ. 1972ರ ಹೊಣೆಗಾರಿಕೆ ಒಡಂಬಡಿಕೆಯಂತೆ, ಹಾರಿಸಿದ ವಸ್ತು ಅನ್ಯದೇಶದ ನೆಲದ ಮೇಲೆ ಬಿದ್ದು ಹಾನಿಯಾದರೆ ಪರಿಹಾರವನ್ನು ತೆರಬೇಕಾದುದು ಸರ್ಕಾರ.

ಇದು ನಮಗೂ ದೂರದ ಮಾತಲ್ಲ. ಭಾರತ 2020ರಲ್ಲಿ ಈ ಕ್ಷೇತ್ರವನ್ನು ಖಾಸಗಿಯವರಿಗೆ ತೆರೆಯಿತು. ಹೈದರಾಬಾದಿನ ಸ್ಕೈರೂಟ್ ಸಂಸ್ಥೆಯ ವಿಕ್ರಮ್-ಎಸ್ 2022ರ ನವೆಂಬರ್‌ನಲ್ಲಿ ಹಾರಿತು. ಬೆಂಗಳೂರಿನ ಪಿಕ್ಸೆಲ್ 2025ರ ಜನವರಿಯಲ್ಲಿ ಮೂರು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು, ಅದೂ ಅಮೆರಿಕದ ರಾಕೆಟಿನಲ್ಲಿ. ಇಸ್ರೋದ ಪುಟ್ಟ ರಾಕೆಟ್ ಎಸ್‌ಎಸ್‌ಎಲ್‌ವಿಯ ತಂತ್ರಜ್ಞಾನ ಹರಾಜಿನಲ್ಲಿ ಬೆಂಗಳೂರಿನ ಎಚ್‌ಎಎಲ್ ಪಾಲಾಯಿತು. ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು 2017ರಲ್ಲೇ ಸಾರ್ವಜನಿಕರ ಮುಂದೆ ಬಂದಿತ್ತು. 2023ರಲ್ಲಿ ನೀತಿ ಹೊರಬಿದ್ದಾಗಲೂ ಅದು ಕಾಯ್ದೆಯಾಗಿರಲಿಲ್ಲ. ವಿದೇಶಕ್ಕೆ ಪರಿಹಾರ ತೆತ್ತ ಸರ್ಕಾರ ಆ ಮೊತ್ತದಲ್ಲಿ ಎಷ್ಟನ್ನು ಸಂಸ್ಥೆಯಿಂದ ವಸೂಲು ಮಾಡಬಹುದು, ವಿಮೆ ಎಷ್ಟಿರಬೇಕು ಎಂಬುದನ್ನು ಶಾಸನವೇ ಹೇಳಬೇಕು. ನೀತಿಯ ಮಾತಿಗೆ ನ್ಯಾಯಾಲಯದಲ್ಲಿ ಆ ತೂಕವಿಲ್ಲ.