ಜಾನಪದ ಲೋಕದ ನಾಗೇಗೌಡರು ಮತ್ತು ನಮ್ಮ ಮನೆಯ ಅಟ್ಟ

ವಸ್ತುಸಂಗ್ರಹಾಲಯ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗ ಮಕ್ಕಳು ರಾಜರ ಕತ್ತಿ, ಸಿಂಹಾಸನ, ಟಿಪ್ಪು ಸುಲ್ತಾನರ ಫಿರಂಗಿ ಎಂದರು. ಅದರಲ್ಲಿ ತಪ್ಪೇನಿಲ್ಲ. ಮೈಸೂರಿನ ಅರಮನೆಯೂ ಶ್ರೀರಂಗಪಟ್ಟಣವೂ ನಮಗೆ ಹತ್ತಿರದವು. ಆದರೆ ಬೀಸುವ ಕಲ್ಲು, ಒನಕೆ, ಮೊರ, ಕುಂಬಾರನ ತಿಗರಿ, ಇವುಗಳಿಗೂ ಇತಿಹಾಸವಿದೆ ಎಂದು ನಂಬಿ, ಬಾಳಿನ ಸಂಜೆಯನ್ನೆಲ್ಲ ಅದಕ್ಕೇ ಮುಡಿಪಾಗಿಟ್ಟವರು ಎಚ್.ಎಲ್. ನಾಗೇಗೌಡರು. ಅವರನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕೆಂದು ಈ ಲೇಖನ.

ನಾಗೇಗೌಡರು 1915ರಲ್ಲಿ ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದರು. ಸರ್ಕಾರಿ ಸೇವೆಗೆ ಸೇರಿ ಐ.ಎ.ಎಸ್. ಅಧಿಕಾರಿಯಾದರು. 'ದೊಡ್ಡಮನೆ' ಮುಂತಾದ ಕಾದಂಬರಿಗಳನ್ನು ಬರೆದರು. ಪರದೇಶದ ಯಾತ್ರಿಕರು ನಮ್ಮ ನಾಡಿನ ಬಗ್ಗೆ ಬರೆದದ್ದನ್ನು 'ಪ್ರವಾಸಿ ಕಂಡ ಇಂಡಿಯಾ' ಎಂಬ ಸಂಪುಟಗಳಲ್ಲಿ ಕನ್ನಡಕ್ಕೆ ತಂದರು. 1995ರಲ್ಲಿ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟೇ ಆಗಿದ್ದರೆ ಅವರು ಒಬ್ಬ ದೊಡ್ಡ ಅಧಿಕಾರಿ, ಒಬ್ಬ ದೊಡ್ಡ ಸಾಹಿತಿ ಆಗಿರುತ್ತಿದ್ದರು, ಅಷ್ಟೆ.

ನನಗೆ ಅವರ ಒಂದು ಪುಸ್ತಕದ ಹೆಸರೇ ಬಹಳ ಇಷ್ಟ: 'ಸೋಬಾನೆ ಚಿಕ್ಕಮ್ಮನ ಪದಗಳು'. ಹಾಡಿದಾಕೆಯ ಹೆಸರನ್ನು ಪುಸ್ತಕಕ್ಕೇ ಇಟ್ಟು ಆ ಸಾಹೇಬರು ತಾವು ಹಿಂದೆ ನಿಂತರು. ನಾವು ಮೇಷ್ಟ್ರುಗಳು ಮಕ್ಕಳ ಚಾರ್ಟಿನ ಮೇಲೂ ನಮ್ಮ ಹೆಸರು ಬರೆಸಿಕೊಳ್ಳುವವರು!

1979ರಲ್ಲಿ ಅವರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದಾಗ ಅವರಿಗೆ 64 ವರ್ಷ. ಉಳಿದವರು ಪಿಂಚಣಿ ಎಣಿಸಿಕೊಂಡು ಕೂರುವ ವಯಸ್ಸು. ಪರಿಷತ್ತು ಹಾಡುಗಾರರನ್ನು, ಕುಣಿತದವರನ್ನು, ಕಥೆ ಹೇಳುವವರನ್ನು ಧ್ವನಿಮುದ್ರಣ ಮಾಡಿತು, ಚಿತ್ರೀಕರಿಸಿತು. ಕೊನೆಗೆ ರಾಮನಗರದ ಬಳಿ ಸುಮಾರು 15 ಎಕರೆ ಜಾಗದಲ್ಲಿ 'ಜಾನಪದ ಲೋಕ' ಎದ್ದಿತು. 1994ರಲ್ಲಿ ಅದು ಉದ್ಘಾಟನೆಯಾದಾಗ ಗೌಡರಿಗೆ 79. ಇಂಥ ಪ್ರಯತ್ನ ಅದೊಂದೇ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಹಳ್ಳಿ ಹಳ್ಳಿ ಸುತ್ತಿದ್ದರು.

ಜಾನಪದ ಲೋಕದ 'ಲೋಕಮಾತಾ ಮಂದಿರ'ದಲ್ಲಿ ಅಡುಗೆಮನೆಯ ಪಾತ್ರೆ ಪಗಡಗಳಿವೆ. 'ಲೋಕಮಹಲ್'ನಲ್ಲಿ ಗೊಂಬೆಗಳು, ಸೋಮನ ಮುಖವಾಡಗಳು, ಯಕ್ಷಗಾನದ ವೇಷಗಳು. 'ಆಯಗಾರ ಮಾಳ'ದಲ್ಲಿ ಗಾಣ, ಮಗ್ಗ, ಗಾಡಿ. ನಮ್ಮ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಾಗ ನಾನು ಹೆಚ್ಚು ಹೊತ್ತು ನಿಂತದ್ದು ಬೀಸುವ ಕಲ್ಲಿನ ಮುಂದೆ. ಕೆ.ಆರ್. ನಗರದ ಕಡೆಯ ಹುಡುಗಿಯೊಬ್ಬಳು, "ಸಾರ್, ಇದು ನಮ್ಮನೇಲೂ ಇದೆ, ಬಚ್ಚಲ ಹತ್ರ ಬಟ್ಟೆ ಒಗೆಯೋಕೆ ಹಾಕಿದ್ದೀವಿ" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಕಾರಣ ಹೇಳುತ್ತೇನೆ. ನಮ್ಮ ದಾದಿಮಾ ಬೆಳಗಿನ ನಮಾಜಿನ ನಂತರ ರಾಗಿ ಬೀಸುತ್ತಾ ದಖನಿಯಲ್ಲಿ ಹಾಡುತ್ತಿದ್ದರು. ಬಿಜಾಪುರದ ಸೂಫಿಗಳ ಕಾಲದಿಂದ 'ಚಕ್ಕಿನಾಮಾ' ಎಂಬ ಹಾಡುಗಳಿವೆ, ಹೆಂಗಸರು ಬೀಸುವಾಗ ಹಾಡಿಕೊಳ್ಳಲೆಂದೇ ಕಟ್ಟಿದವು ಎಂದು ನಾನು ಓದಿದ್ದು ಬಿ.ಎಡ್. ಮುಗಿಸಿದ ಮೇಲೆ. ಕನ್ನಡದ ಬೀಸುವ ಪದಗಳ ಅಕ್ಕತಂಗಿಯರು ಅವು. ದಾದಿಮಾ ಹಾಡುತ್ತಿದ್ದದ್ದು ಅದೇ ಜಾತಿಯದೋ ಏನೋ, ಕೇಳೋಣ, ಬೇಸಿಗೆ ರಜೆಯಲ್ಲಿ ಬರೆದುಕೊಳ್ಳೋಣ ಎಂದುಕೊಂಡೆ. ರಜೆ ಬರುವ ಮೊದಲೇ ಅವರು ತೀರಿಕೊಂಡರು. ಮನೆ ರಿಪೇರಿ ಮಾಡಿಸಿದಾಗ ಅಟ್ಟದಲ್ಲಿದ್ದ ಅವರ ತಾಮ್ರದ ಪಾನ್‌ದಾನನ್ನು ಗುಜರಿಯವನಿಗೆ ತೂಕಕ್ಕೆ ಕೊಟ್ಟವನೂ ನಾನೇ. ಎರಡು ಭಾಷೆ ಕಲಿಸುವ ಮೇಷ್ಟ್ರು!

ವಿದ್ಯಾರ್ಥಿಗಳೇ, ನಮ್ಮ ನಾಲ್ಕು ತಾಲ್ಲೂಕುಗಳ ಸಂತೆಗಳಲ್ಲಿ ಎತ್ತಿಗೆ ಲಾಳ ಕಟ್ಟಿದವರು, ಪಾತ್ರೆಗೆ ಕಲಾಯಿ ಹಾಕಿದವರು, ಬಿಲ್ಲು ಮಿಡಿದು ಹತ್ತಿ ಹಿಂಜಿದವರು ಯಾರು? ಬಹುಪಾಲು ನಮ್ಮ ಅಜ್ಜ ಮುತ್ತಜ್ಜಂದಿರು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆ ಮಾಡುವವರಲ್ಲೂ ನಮ್ಮವರು ಅನೇಕರು. ನಮ್ಮ ಸಮಾಜದ ಚರಿತ್ರೆ ಎಂದರೆ ನವಾಬರು, ಸುಲ್ತಾನರು ಮಾತ್ರ ಎಂದು ಭಾಷಣಗಳಲ್ಲಿ ಕೇಳಿ ಕೇಳಿ ನಮಗೆ ಈ ದುಡಿಮೆಯ ಚರಿತ್ರೆ ಕಾಣಿಸದೇ ಹೋಯಿತು ಎಂಬುದು ನನ್ನ ಅಭಿಪ್ರಾಯ. ಒಪ್ಪದಿದ್ದರೆ ಹಿರಿಯರು ಕ್ಷಮಿಸಬೇಕು. ನಾಗೇಗೌಡರು ಸುಲ್ತಾನರ ಕತ್ತಿಯನ್ನು ಹುಡುಕಿಕೊಂಡು ಹೊರಟವರಲ್ಲ. ಗಾಣದವನ ಗಾಣವನ್ನು ತಂದು ನೆರಳಿನಲ್ಲಿಟ್ಟವರು. ಎಚ್.ಡಿ. ಕೋಟೆಯ ಕಾಡಂಚಿನ ಜೇನುಕುರುಬರಿಗೂ ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತರಿಗೂ ನಮಗೂ ಅನ್ವಯಿಸುವ ಕೆಲಸ ಅದು.

2005ರ ಸೆಪ್ಟೆಂಬರ್ 22ರಂದು, 90ರ ವಯಸ್ಸಿನಲ್ಲಿ ಗೌಡರು ನಿಧನರಾದರು. ಜಾನಪದ ಲೋಕ ಇಂದೂ ಇದೆ. ಆದರೆ 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರಿಗೆ ಹೋಗುವ ವಾಹನಗಳು ಚನ್ನಪಟ್ಟಣ, ರಾಮನಗರಗಳನ್ನು ಹೊರಗಿನಿಂದಲೇ ದಾಟಿಬಿಡುತ್ತವೆ. ಪ್ರವಾಸ ಹೋಗುವವರು ಹಳೆಯ ರಸ್ತೆಯಲ್ಲೇ ಹೋಗಪ್ಪಾ ಎಂದು ಡ್ರೈವರಿಗೆ ಮೊದಲೇ ಹೇಳಿಡಬೇಕು.

ಆ ಪ್ರವಾಸದಿಂದ ಬಂದ ಮೇಲೆ ನಮ್ಮ ಶಾಲೆಯ ಬೀರುವಿನ ಒಂದು ಅಂಕಣವನ್ನು ಖಾಲಿ ಮಾಡಿಸಿದ್ದೇನೆ. ಈಗ ಅಲ್ಲಿ ಎರಡು ಎತ್ತಿನ ಲಾಳಗಳಿವೆ, ಕಲಾಯಿ ಮಾಸಿದ ಒಂದು ದೇಗ್ಚಿ ಇದೆ, ಹುಣಸೂರಿನ ಹುಡುಗನೊಬ್ಬ ಅಜ್ಜಿಯಿಂದ ಕೇಳಿ ಉರ್ದು ಲಿಪಿಯಲ್ಲಿ ಬರೆದು ತಂದ ಒಂದು ಮದುವೆ ಹಾಡಿದೆ. ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ ಕೊಟ್ಟವರ ಹೆಸರು, ಊರು, ಯಾರು ಬಳಸುತ್ತಿದ್ದರು ಎಂಬುದನ್ನು ಮಕ್ಕಳೇ ಬರೆದಿದ್ದಾರೆ. ಹಾಡಿನ ಚೀಟಿಯಲ್ಲಿ ಅಜ್ಜಿಯ ಹೆಸರು ಮೇಲಿದೆ, ಹುಡುಗನದು ಕೆಳಗೆ.