ಹಲಗೆ, ಬಳಪ ಮತ್ತು ಕಣ್ಣಿನ ಕಾಡಿಗೆ

ಸಿಕಂದರಾಬಾದಿನಿಂದ ವಾಡಿಯ ಕಡೆಗೆ ಹೊರಟ ರೈಲು ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕಾಗಿಣಾ ನದಿಯ ದಡದ ಈ ಮಳಖೇಡವೇ ಒಂದು ಕಾಲದ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದ ನಡುಭಾಗದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯ ‘ಕವಿರಾಜಮಾರ್ಗ’ವನ್ನು ಬರೆದ. ಇಂದು ನಮಗೆ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಅದು ಎಂಥ ಪುಸ್ತಕ ಎಂಬುದರ ಕಡೆಗೆ ಗಮನ ಹೋಗುವುದು ಕಡಿಮೆ. ಅದು ಕಥೆಯಲ್ಲ, ಪುರಾಣವಲ್ಲ, ರಾಜನ ಚರಿತ್ರೆಯೂ ಅಲ್ಲ. ಬರೆಯಹೊರಟವರಿಗೆ, ಬರೆದದ್ದನ್ನು ತಿದ್ದಿಕೊಳ್ಳುವುದು ಹೇಗೆಂದು ಹೇಳುವ ಕೈಪಿಡಿ.

ಅದರ ಮೂರು ಪರಿಚ್ಛೇದಗಳಲ್ಲಿ ಎರಡು ಅಲಂಕಾರಗಳಿಗೆ ಮೀಸಲು. ಅಲ್ಲಿ ದಂಡಿಯ ‘ಕಾವ್ಯಾದರ್ಶ’ದ ನೆರಳು ದಟ್ಟವಾಗಿದೆ, ಪಂಡಿತರಿಗೆ ಬಿಟ್ಟು ಮುಂದೆ ಹೋದರೆ ನಷ್ಟವಿಲ್ಲ. ನಿಜವಾದ ಸ್ವಾರಸ್ಯವಿರುವುದು ಮೊದಲನೆಯ ಪರಿಚ್ಛೇದದಲ್ಲಿ, ತಪ್ಪುಗಳ ಪರಿಚ್ಛೇದದಲ್ಲಿ. ಶ್ರೀವಿಜಯ ಅಲ್ಲಿ ಒಳ್ಳೆಯ ಮೇಷ್ಟರ ಹಾಗೆ ನಡೆದುಕೊಳ್ಳುತ್ತಾನೆ: ಮೊದಲು ಕೆಟ್ಟ ಪ್ರಯೋಗವನ್ನು ಮುಂದಿಡುತ್ತಾನೆ, ಆಮೇಲೆ ಅದೇ ಮಾತನ್ನು ತಿದ್ದಿ ತೋರಿಸುತ್ತಾನೆ. ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿ ಸಮಾಸ ಮಾಡುವುದು ಅವನಿಗೆ ಸೇರದು. ಅರಸುಕುಮಾರ ಎಂದರೆ ಮುಖ ಸಿಂಡರಿಸುತ್ತಾನೆ, ನರಪತಿತನಯ ಎಂದರೆ ಒಪ್ಪುತ್ತಾನೆ. ಎರಡು ಭಾಷೆಗಳನ್ನು ಹಾಗೆ ಬೆರೆಸುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎಂಬುದು ಅವನ ಹೋಲಿಕೆ. ಅಡುಗೆಮನೆಯ ಅನುಭವವಿದ್ದವರಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಆ ನಿಯಮದ ಮುಂದಿನ ಗತಿ ನೋಡಿ. ಹನ್ನೆರಡನೆಯ ಶತಮಾನದಲ್ಲಿ ನಯಸೇನ ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೆಯೇ ಎಂದು ಅದೇ ತಕರಾರನ್ನು ಮತ್ತೆ ಎತ್ತಿದ. ಹದಿಮೂರನೆಯ ಶತಮಾನದ ಹೊತ್ತಿಗೆ ‘ಶಬ್ದಮಣಿದರ್ಪಣ’ದ ಕೇಶಿರಾಜ ಅದನ್ನು ಅರಿಸಮಾಸ ಎಂದು ಕರೆದು ನಿಷೇಧಿಸಿದರೂ, ಬಿರುದಾವಳಿಗಳಿಗೂ ಹಿಂದಿನ ಕವಿಗಳು ಆಗಲೇ ಬಳಸಿಬಿಟ್ಟದ್ದಕ್ಕೂ ರಿಯಾಯಿತಿ ಕೊಡಬೇಕಾಯಿತು. ಇಂದು ಹೂಗುಚ್ಛ ಕೊಡುವವರಿಗಾಗಲಿ ಮಳೆಹಾನಿಯ ಸುದ್ದಿ ಬರೆಯುವವರಿಗಾಗಲಿ ಹಾಲು ಒಡೆದ ಭಾವನೆ ಬರುವುದಿಲ್ಲ.

ಹಳೆಯ ಪದಗಳ ಬಗ್ಗೆಯೂ ಶ್ರೀವಿಜಯ ನಿಷ್ಠುರಿ. ಹಳಗಾಲದ ಕಾವ್ಯದಲ್ಲಿ ಸೊಗಸಾಗಿದ್ದ ಪ್ರಯೋಗವನ್ನು ಈಗಿನ ಬರಹಕ್ಕೆ ಎಳೆದು ತಂದರೆ ಅದು ಮುದುಕಿಯೊಡನೆ ಸರಸವಾಡಿದಂತೆ ಎನ್ನುತ್ತಾನೆ. ಇವತ್ತಿನ ಯಾವ ಸಂಪಾದಕನೂ ಉಳಿಸಿಕೊಳ್ಳದ ಉಪಮೆ ಅದು. ಅವನು ಹಳತೆಂದದ್ದು ಒಂಬತ್ತನೆಯ ಶತಮಾನಕ್ಕೂ ಹಿಂದಿನ ಕನ್ನಡವನ್ನು ಎಂಬುದಷ್ಟೇ ನೆನಪಿಡಬೇಕಾದ ಸಂಗತಿ. ಬರಹದ ಭಾಷೆಗೆ ವಯಸ್ಸಾಗುತ್ತದೆ ಎಂಬ ಅರಿವು ನಮ್ಮ ಮೊದಲ ಪುಸ್ತಕದಲ್ಲೇ ಇದೆ.

ಇಷ್ಟೆಲ್ಲ ತಪ್ಪು ಪಟ್ಟಿ ಮಾಡಿದವನು ಒಂದು ಕಡೆ ಥಟ್ಟನೆ ಕೈಚೆಲ್ಲುತ್ತಾನೆ. ಕನ್ನಡಗಳಲ್ಲಿ ದೋಷ ಇಂತಿಷ್ಟೇ ಎಂದು ಎಣಿಸಹೋದರೆ ಸಾವಿರ ನಾಲಿಗೆಯ ವಾಸುಕಿಗೂ ಬೇಸರ ಬಂದೀತು, ಏಕೆಂದರೆ ದೇಸಿ ಬೇರೆ ಬೇರೆ ಎನ್ನುತ್ತಾನೆ. ಕನ್ನಡ ಎಂದಲ್ಲ, ಕನ್ನಡಗಳು ಎಂಬ ಬಹುವಚನವನ್ನೇ ಬಳಸುತ್ತಾನೆ. ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಅವನ ಕಣ್ಣ ಮುಂದಿದೆ. ಅದರ ತಿರುಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಎಂದು ಅವನೇ ಗುರುತಿಸುತ್ತಾನೆ. ಮೊದಲ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ಮುಂದಿನ ಶತಮಾನದಲ್ಲಿ ಪಂಪ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಬರೆದೆನೆಂದು ಹೆಮ್ಮೆಪಟ್ಟದ್ದು ಇದೇ ಭೂಪಟವನ್ನು ನಂಬಿ. ಹಾಗಾದರೆ ಗೋದಾವರಿಯ ದಡದವನ ಕನ್ನಡ ತಪ್ಪೇ? ಶ್ರೀವಿಜಯ ಹಾಗೆ ಹೇಳುವುದಿಲ್ಲ. ಓದುಬರಹ ಕಲಿಯದವರೂ ತಂತಮ್ಮ ನುಡಿಯಲ್ಲಿ ಜಾಣರೇ, ಚಿಕ್ಕ ಮಕ್ಕಳೂ ಮೂಗರೂ ವಿವೇಕವನ್ನು ತಿಳಿಸಬಲ್ಲರು ಎಂಬುದು ಅವನದೇ ಮಾತು. ತಿರುಳೂ ಬೇಕು, ಸಿಪ್ಪೆಯನ್ನು ಹಳಿಯಲೂ ಬಾರದು: ಈ ಇಕ್ಕಟ್ಟನ್ನು ಅವನು ಬಿಡಿಸಲಿಲ್ಲ. ಕನ್ನಡ ನಾಡಿನ ಹೊರಗೆ ಬೆಳೆದ ಬರಹಗಾರ ‘ನಿಮ್ಮ ಕನ್ನಡ ಸ್ವಲ್ಪ ಬೇರೆ’ ಎಂಬ ಮಾತು ಕೇಳಿದಾಗಲೆಲ್ಲ ಎದುರಾಗುವುದು ಇದೇ ಇಕ್ಕಟ್ಟು.

ನಿಯಮ ಹಳತಾಗುತ್ತದೆ, ದೋಷ ಎಣಿಕೆಗೆ ಸಿಗುವುದಿಲ್ಲ. ಮತ್ತೆ ತಿದ್ದುವುದಕ್ಕೆ ಆಧಾರ ಯಾವುದು? ಇಲ್ಲಿ ಶ್ರೀವಿಜಯನ ಅತ್ಯಂತ ಉಪಯುಕ್ತ ಪದ್ಯ ಬರುತ್ತದೆ. ಏನು ಮಾಡಿದರೂ ಬರೆದವನಿಗೆ ತನ್ನ ದೋಷ ಕಾಣುವುದಿಲ್ಲ, ಕಣ್ಣಿಗೆ ತನ್ನದೇ ಕಾಡಿಗೆ ಕಾಣದ ಹಾಗೆ. ಕಾಡಿಗೆ ದೂರದಲ್ಲಿಲ್ಲ, ಮರೆಯಲ್ಲೂ ಇಲ್ಲ. ತೀರ ಹತ್ತಿರವಿರುವುದೇ ತೊಂದರೆ. ಎದುರಿಗೆ ಕೂತವನು ಮೂರ್ಖನಾಗಿದ್ದರೂ ಅದು ಅವನಿಗೆ ಕಾಣುತ್ತದೆ. ಬರೆದವನಿಗೆ ಇನ್ನೊಬ್ಬರ ಕಣ್ಣು ಬೇಕಾಗುವುದು ಅವರು ತನಗಿಂತ ದೊಡ್ಡ ವಿದ್ವಾಂಸರೆಂದಲ್ಲ, ಅವರು ಬೇರೆ ಕಡೆ ಕೂತಿದ್ದಾರೆಂದು. ಬರಹವನ್ನು ನಾಲ್ಕು ದಿನ ಪಕ್ಕಕ್ಕಿಟ್ಟು ಮತ್ತೆ ಓದುವ ಇಂದಿನ ಅಭ್ಯಾಸವೂ ಎದುರುಗಡೆಯ ಆ ಜಾಗಕ್ಕೆ ತಾನೇ ಹೋಗಿ ಕೂರುವ ಪ್ರಯತ್ನ.

ಆ ಕಾಲದಲ್ಲಿ ತಿದ್ದುತ್ತಿದ್ದುದಾದರೂ ಹೇಗೆ? ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದ ಅಕ್ಷರವನ್ನು ಅಳಿಸಲಾಗದು. ಹೊಡೆದುಹಾಕಬಹುದು, ಸಾಲಿನ ಮೇಲೆ ಸಣ್ಣದಾಗಿ ಸೇರಿಸಬಹುದು, ಅಷ್ಟೇ. ಹಾಗಾಗಿ ಕರಡು ಬೇರೆಲ್ಲೋ ಆಗಬೇಕಿತ್ತು. ಎಲ್ಲಿ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಹೇಳುವವನು ಕರಡನ್ನೇ ಒಪ್ಪದ ಕವಿ. ಗದುಗಿನ ಕುಮಾರವ್ಯಾಸ ತನ್ನ ಭಾರತದ ಆರಂಭದಲ್ಲಿ ತನ್ನ ಹೆಗ್ಗಳಿಕೆಗಳನ್ನು ಸಾಲಾಗಿ ಹೇಳಿಕೊಳ್ಳುತ್ತಾನೆ: ಹಲಗೆ ಬಳಪ ಹಿಡಿದಿಲ್ಲ, ಇಟ್ಟ ಪದವನ್ನು ಅಳಿಸಿಲ್ಲ, ಬೇರೆಯವರ ರೀತಿಯನ್ನು ಎತ್ತಿಕೊಂಡಿಲ್ಲ, ಬರೆಯುವಾಗ ಓಲೆಯ ಮೇಲೆ ಕಂಠದ ಸದ್ದು ನಿಂತಿಲ್ಲ.

ಈ ಪದ್ಯವನ್ನು ಸಾಮಾನ್ಯವಾಗಿ ಪ್ರತಿಭೆಯ ಉಕ್ಕೆಂದು ಓದುತ್ತಾರೆ. ಚರಿತ್ರೆಯ ದೃಷ್ಟಿಯಿಂದ ಅದನ್ನು ತಿರುವಿ ಓದಬೇಕು. ಎಲ್ಲರೂ ಮಾಡುತ್ತಿದ್ದುದನ್ನು ತಾನು ಮಾಡಲಿಲ್ಲ ಎಂದರೆ ಮಾತ್ರ ಅದು ಹೆಗ್ಗಳಿಕೆ. ಅಂದರೆ ಹದಿನೈದನೆಯ ಶತಮಾನದ ಕನ್ನಡ ಕವಿಗಳು ಮರದ ಹಲಗೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು, ಒರೆಸುತ್ತಿದ್ದರು, ಯೋಚಿಸುತ್ತ ಕೂರುತ್ತಿದ್ದರು, ಗಟ್ಟಿಯಾದ ಮೇಲೆ ಓಲೆಗೆ ಏರಿಸುತ್ತಿದ್ದರು. ಒರೆಸಿದ ಹಲಗೆ ಏನನ್ನೂ ಉಳಿಸುವುದಿಲ್ಲ, ಆದ್ದರಿಂದ ಹಳಗನ್ನಡದ ಒಬ್ಬ ಕವಿಯ ಕರಡೂ ನಮ್ಮಲ್ಲಿಲ್ಲ. ಆ ಕೆಲಸದ ನೆನಪು ನಮಗೆ ತಲುಪಿದ್ದು ಅದನ್ನು ನಿರಾಕರಿಸಿದವನ ಬಾಯಿಂದ.

ಪಂಪ ‘ವಿಕ್ರಮಾರ್ಜುನ ವಿಜಯ’ವನ್ನು ಆರು ತಿಂಗಳಲ್ಲಿ, ‘ಆದಿಪುರಾಣ’ವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದ. ರನ್ನ ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟೆದೆ ಇದೆಯೇ ಎಂದು ಸವಾಲು ಹಾಕಿದ. ವೇಗ ಮತ್ತು ಎದೆಗಾರಿಕೆಯ ಈ ಸಾಲಿನ ಪಕ್ಕದಲ್ಲಿ ಶ್ರೀವಿಜಯನ ಕಾಡಿಗೆ ಸ್ವಲ್ಪ ಒಂಟಿ. ಅವನೂ ಮಹಾಕೃತಿಗಳನ್ನು ತಡೆಯಿಲ್ಲದೆ ರಚಿಸಬಲ್ಲವನಿಗೇ ಅತ್ಯುನ್ನತ ಸ್ಥಾನ ಕೊಟ್ಟ, ನಿಜ. ಆದರೆ ಆ ಏಣಿಯ ಕೆಳಗಿನ ಮೆಟ್ಟಿಲುಗಳನ್ನು ಮರೆಯಲಿಲ್ಲ: ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬಲ್ಲವನು ಮೊದಲ ಮೆಟ್ಟಿಲಲ್ಲಿ, ಕಿರಿದರಲ್ಲಿ ಹಿರಿದಾದ ಅರ್ಥ ತುಂಬಬಲ್ಲವನು ಅದರ ಮೇಲೆ, ಛಂದಸ್ಸಿಗೆ ಒಗ್ಗಿಸಬಲ್ಲವನು ಇನ್ನೂ ಮೇಲೆ.

1898ರಲ್ಲಿ ‘ಕವಿರಾಜಮಾರ್ಗ’ ಮೊದಲ ಬಾರಿ ಅಚ್ಚಾಯಿತು. ಸಂಪಾದಿಸಿದವರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದ ಕೆ. ಬಿ. ಪಾಠಕ್. 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ ಅವರ ಆವೃತ್ತಿ ಮದರಾಸು ವಿಶ್ವವಿದ್ಯಾಲಯದಿಂದ ಬಂತು. ಪಾಠಕರು ಪುಸ್ತಕವನ್ನು ನೃಪತುಂಗನದೆಂದೇ ತಿಳಿದಿದ್ದರು. ಕರ್ತೃ ಶ್ರೀವಿಜಯ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬೇರೂರಲು ದೀರ್ಘ ಚರ್ಚೆ ನಡೆಯಿತು. ಗೊಂದಲಕ್ಕೆ ಕಾರಣ ಪರಿಚ್ಛೇದಗಳ ಕೊನೆಯ ಒಂದು ಪದ. ಅಲ್ಲಿ ಇದು ನೃಪತುಂಗದೇವ ಬರೆದ ಕೃತಿ ಎಂದಿಲ್ಲ, ನೃಪತುಂಗದೇವನಿಗೆ ಅನುಮತವಾದ ಕೃತಿ ಎಂದಿದೆ. ಎದುರಿಗೆ ಕೂತು ಕೇಳಿ ಒಪ್ಪಿದವನ ಹೆಸರನ್ನು ಮುಂದಿಟ್ಟು, ಬರೆದವನು ತನ್ನದನ್ನು ಹಿಂದಕ್ಕೆ ಸರಿಸಿದ್ದ.