ಪ್ರತ್ಯಕ್ಷ ಮತ್ತು ಅನುಮಾನ: ಸ್ತ್ರೀಪುರುಷಭೇದದ ವೈಜ್ಞಾನಿಕ ಅಧ್ಯಯನಗಳ ಚರಿತ್ರೆಯಿಂದ ಕೆಲವು ಪಾಠಗಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪು ಅಮೆರಿಕೆಗಳ ಸ್ತ್ರೀಯರು ಉಚ್ಚಶಿಕ್ಷಣದ ಹಕ್ಕನ್ನು ಕೇಳತೊಡಗಿದಾಗ, ಅವರನ್ನು ತಡೆದ ವಾದಗಳು ಕೇವಲ ಮತಾಚಾರಗಳಿಂದ ಹುಟ್ಟಿದವಲ್ಲ. ತಕ್ಕಡಿಯನ್ನೂ ಅಳತೆಪಟ್ಟಿಯನ್ನೂ ಹಿಡಿದ ವಿದ್ವಾಂಸರೇ ಮುಂದೆ ಬಂದು, ಸ್ತ್ರೀಯ ಬುದ್ಧಿಶಕ್ತಿ ಪುರುಷನದಕ್ಕಿಂತ ಕಡಮೆಯೆಂಬುದು ಪ್ರಯೋಗಸಿದ್ಧವಾದ ಸಂಗತಿಯೆಂದು ಸಾರಿದರು. ಈ ವಾದದ ಚರಿತ್ರೆಯನ್ನು ಪರಿಶೀಲಿಸಿದರೆ ಒಂದು ಮುಖ್ಯ ತತ್ತ್ವ ಸ್ಪಷ್ಟವಾಗುತ್ತದೆ: ಅಳತೆ ನಿರ್ದುಷ್ಟವಾಗಿದ್ದ ಮಾತ್ರಕ್ಕೆ ಅದರಿಂದ ಹೊರಟ ಸಿದ್ಧಾಂತವೂ ನಿರ್ದುಷ್ಟವಾಗುವುದಿಲ್ಲ. ನಮ್ಮ ನೈಯಾಯಿಕರು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆ ಪ್ರಮಾಣಗಳೆಂದು ಎಣಿಸಿದ್ದರ ಔಚಿತ್ಯ ಇಲ್ಲಿ ಮನವರಿಕೆಯಾಗುತ್ತದೆ.

ಮೊದಲು ಪ್ಯಾರಿಸ್ ನಗರದ ಪ್ರಸಂಗವನ್ನು ನೋಡೋಣ. ೧೮೫೯ರಲ್ಲಿ ಅಲ್ಲಿನ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದ ಪಾಲ್ ಬ್ರೋಕಾ ತನ್ನ ಕಾಲದ ಅತ್ಯಂತ ಎಚ್ಚರಿಕೆಯ ಅಳತೆಗಾರರಲ್ಲಿ ಒಬ್ಬ. ಆಸ್ಪತ್ರೆಗಳಲ್ಲಿ ನಡೆದ ಶವಪರೀಕ್ಷೆಗಳ ಆಧಾರದಿಂದ ೨೯೨ ಪುರುಷರ ಮೆದುಳುಗಳ ಸರಾಸರಿ ತೂಕ ೧೩೨೫ ಗ್ರಾಂ ಎಂದೂ ೧೪೦ ಸ್ತ್ರೀಯರ ಮೆದುಳುಗಳ ಸರಾಸರಿ ೧೧೪೪ ಗ್ರಾಂ ಎಂದೂ ಅವನು ಲೆಕ್ಕಹಾಕಿದನು. ವ್ಯತ್ಯಾಸ ೧೮೧ ಗ್ರಾಂ. ಸ್ತ್ರೀಯ ಶರೀರ ಚಿಕ್ಕದಾದ್ದರಿಂದ ಮೆದುಳೂ ಚಿಕ್ಕದಾಗಿರಬಹುದಲ್ಲವೆ ಎಂಬ ಪ್ರಶ್ನೆ ಅವನಿಗೆ ಹೊಳೆಯದೆ ಇರಲಿಲ್ಲ. ಆದರೆ ಸ್ತ್ರೀಯರು ಸರಾಸರಿಯಲ್ಲಿ ಬುದ್ಧಿಯಲ್ಲಿಯೂ ಸ್ವಲ್ಪ ಕಡಮೆಯೆಂಬುದು ತಿಳಿದ ವಿಷಯವೇ ಆದ್ದರಿಂದ, ಈ ವ್ಯತ್ಯಾಸಕ್ಕೆ ಶರೀರದ ಅಲ್ಪತೆ ಒಂದು ಕಾರಣವಾದರೆ ಬುದ್ಧಿಯ ಅಲ್ಪತೆ ಇನ್ನೊಂದು ಎಂದು ಅವನು ೧೮೬೧ರಲ್ಲಿ ತೀರ್ಮಾನಿಸಿದನು. ಯಾವುದನ್ನು ಸಾಧಿಸಬೇಕಾಗಿತ್ತೋ ಅದನ್ನೇ ಹೇತುವಾಗಿ ಬಳಸಿದ ಈ ವಾದವನ್ನು ನಮ್ಮ ತರ್ಕಶಾಸ್ತ್ರದ ವಿದ್ಯಾರ್ಥಿಗಳು ಸಾಧ್ಯಸಮವೆಂಬ ಹೇತ್ವಾಭಾಸಕ್ಕೆ ಸೇರಿಸದೆ ಇರಲಾರರು.

ಈ ಲೆಕ್ಕದ ಫಲ ಗ್ರಂಥಾಲಯದಲ್ಲಿಯೇ ಉಳಿಯಲಿಲ್ಲ. ಬ್ರೋಕಾನ ಪಂಥಕ್ಕೆ ಸೇರಿದ ಗುಸ್ತಾವ್ ಲೆ ಬಾನ್ ೧೮೭೯ರಲ್ಲಿ ಅನೇಕ ಸ್ತ್ರೀಯರ ಮೆದುಳನ್ನು ಗೊರಿಲ್ಲಾದ ಮೆದುಳಿಗೆ ಹೋಲಿಸಿ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಒಂದೇ ಬಗೆಯ ಶಿಕ್ಷಣ ಕೊಡುವುದು ಅಪಾಯಕರವೆಂದು ಬರೆದನು. ಮ್ಯೂನಿಕ್ ನಗರದ ಅಂಗರಚನಾಶಾಸ್ತ್ರಜ್ಞ ಥಿಯೊಡೋರ್ ಬಿಷೋಫ್ ೧೮೭೨ರಲ್ಲಿಯೇ ಸ್ತ್ರೀಯರ ವೈದ್ಯಶಿಕ್ಷಣವನ್ನು ವಿರೋಧಿಸಿದ್ದನು. ಅವನ ಮರಣಾನಂತರ ಅವನ ಮೆದುಳನ್ನು ತೂಗಿದಾಗ ಅದು ೧೨೪೫ ಗ್ರಾಂ ಇದ್ದು, ಅವನೇ ಸ್ತ್ರೀಯರಿಗೆ ಕೊಟ್ಟಿದ್ದ ಸರಾಸರಿಗಿಂತ ಕಡಮೆಯಾಗಿತ್ತು! ಆದರೆ ಈ ಒಂದು ಉದಾಹರಣೆಯಿಂದ ನಗೆಯುಕ್ಕೀತೇ ಹೊರತು ಸಿದ್ಧಾಂತದ ಖಂಡನೆಯಾಗದು. ಖಂಡನೆಗೆ ಬೇಕಾದುದು ಬೇರೆ.

ಆ ಕಾರ್ಯವನ್ನು ಬ್ರೋಕಾನ ಪರಂಪರೆಯಲ್ಲಿಯೇ ಬೆಳೆದ ಲೆಯೋನ್ಸ್ ಮಾನುವ್ರಿಯೇ ಕೈಗೊಂಡನು. ಶರೀರದ ಗಾತ್ರವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡರೆ ಸ್ತ್ರೀಯ ಮೆದುಳು ಕಿರಿದೆಂಬ ಮಾತು ನಿಲ್ಲದೆಂದು ಅವನು ವಾದಿಸಿದನು. ಬಹುಕಾಲದ ಮೇಲೆ ಸ್ಟೀಫನ್ ಜೇ ಗೂಲ್ಡ್ ಬ್ರೋಕಾನ ಅಂಕಿಗಳನ್ನೇ ಮತ್ತೆ ಪರಿಶೀಲಿಸಿ ತನ್ನ ನಿರ್ಣಯವನ್ನು ೧೯೮೦ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೇರಿಸಿದನು. ಆ ಸ್ತ್ರೀಯರು ಪುರುಷರಿಗಿಂತ ಎತ್ತರದಲ್ಲಿ ಕಡಮೆ, ವಯಸ್ಸಿನಲ್ಲಿ ಹೆಚ್ಚು. ವಯಸ್ಸಾದಂತೆ ಮೆದುಳಿನ ತೂಕ ಇಳಿಯುತ್ತದೆ. ಇವೆರಡನ್ನು ಸರಿಪಡಿಸಿದೊಡನೆ ೧೮೧ ಗ್ರಾಂ ವ್ಯತ್ಯಾಸ ೧೧೩ಕ್ಕೆ ಇಳಿಯಿತು. ಉಳಿದ ವ್ಯತ್ಯಾಸಕ್ಕೆ ಕಾರಣವೇನೆಂದು ಆ ಅಂಕಿಗಳಿಂದ ನಿರ್ಣಯಿಸಲಾಗದು. ಏಕೆಂದರೆ ಎತ್ತರವು ಶರೀರದ ಗಾತ್ರಕ್ಕೆ ಪೂರ್ಣ ಮಾನವಲ್ಲ, ಮರಣಕ್ಕೆ ಕಾರಣವಾದ ರೋಗಗಳ ವಿವರವೂ ಅಲ್ಲಿಲ್ಲ. ಬೆಂಕಿಯಿರುವಲ್ಲೆಲ್ಲ ಹೊಗೆಯಿದೆಯೆಂದು ಸಾಧಿಸುವವನು ಹಸಿ ಸೌದೆಯೆಂಬ ಉಪಾಧಿಯನ್ನು ಮರೆಯುವಂತೆ, ಇಲ್ಲಿ ವಯಸ್ಸು, ಎತ್ತರ, ರೋಗ ಎಂಬ ಉಪಾಧಿಗಳು ಮರೆತುಹೋಗಿದ್ದುವು.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಿದವಳು ಆಲಿಸ್ ಲೀ ಎಂಬ ವಿದುಷಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ನನೊಡನೆ ಕೆಲಸಮಾಡುತ್ತಿದ್ದ ಅವಳು, ಜೀವಂತ ವ್ಯಕ್ತಿಯ ತಲೆಯ ಹೊರ ಅಳತೆಗಳಿಂದ ಕಪಾಲದ ಒಳ ಪರಿಮಾಣವನ್ನು ಗಣಿಸುವ ವಿಧಾನವನ್ನು ರೂಪಿಸಿದಳು. ೧೮೯೮ರಲ್ಲಿ ಡಬ್ಲಿನ್ ನಗರದಲ್ಲಿ ಕೂಡಿದ್ದ ಅಂಗರಚನಾಶಾಸ್ತ್ರಜ್ಞರ ಸಭೆಯಲ್ಲಿ ೩೫ ಜನ ವಿದ್ವಾಂಸರ ತಲೆಗಳನ್ನು ಅಳೆದಳು. ಅವರ ಕಪಾಲಗಳ ಪರಿಮಾಣಕ್ಕೂ ಅವರ ವಿದ್ವತ್ತಿಗೂ ಯಾವ ಸಂಬಂಧವೂ ಕಾಣಲಿಲ್ಲ. ಪ್ರಸಿದ್ಧರಾದ ಕೆಲವರೇ ಪಟ್ಟಿಯ ಕೆಳಭಾಗದಲ್ಲಿದ್ದರು. ಹಾಗೆ ಕೆಳಗಿದ್ದವರಲ್ಲಿ ಅವಳ ಪ್ರೌಢಪ್ರಬಂಧದ ಪರೀಕ್ಷಕನಾದ ವಿಲಿಯಂ ಟರ್ನರ್ ಒಬ್ಬ! ಪರೀಕ್ಷಕರ ಆಕ್ಷೇಪಗಳನ್ನು ದಾಟಿ ಪ್ರಬಂಧಕ್ಕೆ ಡಾಕ್ಟರೇಟು ದೊರೆತದ್ದು ೧೯೦೧ರಲ್ಲಿ.

ತೂಕದ ವಾದದ ಜೊತೆಗೆ ಆರೋಗ್ಯದ ವಾದವೊಂದು ಅಮೆರಿಕೆಯಲ್ಲಿ ಪ್ರಬಲವಾಗಿತ್ತು. ಬಾಸ್ಟನ್ ನಗರದ ವೈದ್ಯ ಎಡ್ವರ್ಡ್ ಕ್ಲಾರ್ಕ್ ೧೮೭೩ರಲ್ಲಿ, ಋತುಕಾಲದಲ್ಲಿಯೂ ಬಿಡದೆ ಓದುವುದರಿಂದ ತರುಣಿಯರ ಶರೀರ ಹಾಳಾಗುವುದೆಂದು, ತಾನು ಕಂಡ ಕೆಲವೇ ರೋಗಿಗಳ ಆಧಾರದಿಂದ ಬರೆದನು. ವೈದ್ಯನ ಬಳಿಗೆ ಬರುವವರು ರೋಗಿಗಳೇ. ಆರೋಗ್ಯದಿಂದಿರುವವರು ಅವನ ಕಣ್ಣಿಗೆ ಬೀಳುವುದಿಲ್ಲ. ಈ ಕೊರತೆಯನ್ನು ತುಂಬಿದವಳು ಮೇರಿ ಪುಟ್ನಂ ಜಾಕೋಬಿ. ಅವಳು ೨೬೮ ಸ್ತ್ರೀಯರಿಂದ ಉತ್ತರಗಳನ್ನು ಪಡೆದು, ಕೆಲವರ ನಾಡಿ ಮೊದಲಾದುವನ್ನು ಅಳೆದು, ಕ್ಲಾರ್ಕನ ಸಿದ್ಧಾಂತಕ್ಕೆ ಆಧಾರವಿಲ್ಲವೆಂದು ತೋರಿಸಿದಳು. ಆ ಪ್ರಬಂಧಕ್ಕೆ ೧೮೭೬ರಲ್ಲಿ ಹಾರ್ವರ್ಡಿನ ಬಾಯ್ಲ್‌ಸ್ಟನ್ ಬಹುಮಾನ ದೊರೆಯಿತು.

ಇಪ್ಪತ್ತನೆಯ ಶತಮಾನದ ಆರಂಭಕ್ಕೆ ವಾದ ಇನ್ನೊಂದು ರೂಪವನ್ನು ತಾಳಿತು. ಸರಾಸರಿ ಒಂದೇ ಆದರೂ ಪುರುಷರಲ್ಲಿ ವೈವಿಧ್ಯ ಹೆಚ್ಚು; ಆದ್ದರಿಂದ ಮಹಾಪ್ರತಿಭೆಯೂ ಮಂದಬುದ್ಧಿಯೂ ಅವರಲ್ಲಿಯೇ ಅಧಿಕ ಎಂಬುದು ಅದರ ಸಾರ. ಆಶ್ರಮಗಳಲ್ಲಿದ್ದ ಮಂದಬುದ್ಧಿಯವರಲ್ಲಿ ಪುರುಷರ ಸಂಖ್ಯೆ ಹೆಚ್ಚಾಗಿದ್ದುದೇ ಇದಕ್ಕೆ ಒಂದು ಸಾಕ್ಷಿಯಾಗಿತ್ತು. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞೆ ಲೀಟಾ ಹಾಲಿಂಗ್‌ವರ್ತ್ ಪರೀಕ್ಷೆಗೆ ತರಲಾದ ೧೦೦೦ ಜನರ ದಾಖಲೆಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದಳು. ಎಳೆಯ ವಯಸ್ಸಿನಲ್ಲಿ ಹುಡುಗರೇ ಹೆಚ್ಚು. ವಯಸ್ಸು ಏರಿದಂತೆ ಸ್ತ್ರೀಯರೇ ಹೆಚ್ಚು. ಹೊರಗೆ ದುಡಿಯಬೇಕಾದ ಹುಡುಗನ ಕೊರತೆ ಬೇಗ ಬಯಲಾಗುತ್ತದೆ. ಮನೆಗೆಲಸದಲ್ಲಿ ತೊಡಗಿದ ಹುಡುಗಿಯದು ಆಶ್ರಯ ತಪ್ಪುವವರೆಗೂ ಮರೆಯಾಗಿರುತ್ತದೆ. ಆಶ್ರಮದ ಅಂಕಿ ಸ್ವಭಾವವನ್ನಲ್ಲ, ಸಮಾಜವ್ಯವಸ್ಥೆಯನ್ನು ಎಣಿಸಿತ್ತು. ಮುಂದೆ ಹೆಲೆನ್ ಮಾಂಟೆಗ್ಯೂವಿನೊಡನೆ ೧೦೦೦ ಗಂಡು, ೧೦೦೦ ಹೆಣ್ಣು ನವಜಾತ ಶಿಶುಗಳ ಅಳತೆಗಳನ್ನು ಹೋಲಿಸಿ, ಹುಟ್ಟಿನಲ್ಲಿ ಗಂಡಿಗೆ ಹೆಚ್ಚಿನ ವೈವಿಧ್ಯವಿಲ್ಲವೆಂದು ೧೯೧೪ರಲ್ಲಿ ಪ್ರಕಟಿಸಿದಳು. ಅದೇ ವರ್ಷದ ಅವಳ ಪ್ರೌಢಪ್ರಬಂಧದಲ್ಲಿ ೨೩ ಸ್ತ್ರೀಯರನ್ನೂ ೨ ಪುರುಷರನ್ನೂ ಹಲವು ವಾರಗಳ ಕಾಲ ಪರೀಕ್ಷಿಸಿ, ಋತುಚಕ್ರದಿಂದ ಕಾರ್ಯಸಾಮರ್ಥ್ಯ ಕುಗ್ಗುವುದಿಲ್ಲವೆಂದು ತೋರಿಸಿದ್ದಳು.

ಇಷ್ಟರಿಂದ ಸ್ತ್ರೀಪುರುಷರಲ್ಲಿ ಯಾವ ಭೇದವೂ ಇಲ್ಲವೆಂದು ಸಾಧಿಸಿದಂತಾಯಿತೆಂದು ಭಾವಿಸುವುದು ಇನ್ನೊಂದು ಬಗೆಯ ಅವಸರ. ನಮಗೆ ಪ್ರಿಯವಾದ ಫಲಿತಾಂಶವನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. ೨೩ ಜನ ಸ್ತ್ರೀಯರು ಚಿಕ್ಕ ಸಂಖ್ಯೆಯೇ. ಒಂದೇ ವೃತ್ತಿಯ ೩೫ ವಿದ್ವಾಂಸರು ಇಡೀ ಜನಸಮುದಾಯದ ಪ್ರತಿನಿಧಿಗಳಲ್ಲ. ಮೆದುಳಿನ ಗಾತ್ರಕ್ಕೂ ಬುದ್ಧಿಪರೀಕ್ಷೆಯ ಅಂಕಗಳಿಗೂ ಅಲ್ಪಪ್ರಮಾಣದ ಸಂಬಂಧವಿದೆಯೆಂದು ಈಚಿನ ಅಧ್ಯಯನಗಳು ತಿಳಿಸುತ್ತವೆ. ಆದರೆ ಅದರಿಂದ ಒಬ್ಬ ವ್ಯಕ್ತಿಯ ಯೋಗ್ಯತೆಯನ್ನು ಅಳೆಯಲಾಗದು. ಜಾನೆಟ್ ಹೈಡ್ ೨೦೦೫ರಲ್ಲಿ ಸ್ತ್ರೀಪುರುಷಭೇದವನ್ನು ಕುರಿತ ೪೬ ಸಮಗ್ರ ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶೇಕಡಾ ೭೮ರಷ್ಟು ವ್ಯತ್ಯಾಸಗಳು ಅಲ್ಪವೋ ಶೂನ್ಯಪ್ರಾಯವೋ ಆಗಿದ್ದುವು. ವಸ್ತುವನ್ನು ಎಸೆಯುವ ವೇಗದಂತಹ ಕೆಲವು ವಿಷಯಗಳಲ್ಲಿ ಮಾತ್ರ ಅಂತರ ದೊಡ್ಡದಾಗಿತ್ತು. ಇವೆರಡನ್ನೂ ಒಪ್ಪುವುದೇ ವಿಜ್ಞಾನನಿಷ್ಠೆ.

ಆದ್ದರಿಂದ ಇಂತಹ ಅಧ್ಯಯನ ಕೈಗೆ ಬಂದಾಗ ನಮ್ಮ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಬೇಕು. ಎಣಿಕೆಗೆ ಬಂದವರು ಯಾರು, ಬಾರದೆ ಉಳಿದವರು ಯಾರು? ಹೋಲಿಸಿದ ಎರಡು ಗುಂಪುಗಳು ಇತರ ವಿಷಯಗಳಲ್ಲಿ ಸಮಾನವಾಗಿದ್ದುವೆ? ಅಂಕಿಯಿಂದ ನಿರ್ಣಯಕ್ಕೆ ಸಾಗುವ ದಾರಿಯಲ್ಲಿ ಲೇಖಕನು ಮೊದಲೇ ನಂಬಿದ್ದ ಸಂಗತಿ ಎಲ್ಲಿಯಾದರೂ ನುಸುಳಿದೆಯೆ? ಬ್ರೋಕಾ ಅಪ್ರಾಮಾಣಿಕನಾಗಿರಲಿಲ್ಲ, ಅವನ ತಕ್ಕಡಿಯೂ ಸುಳ್ಳು ಹೇಳಲಿಲ್ಲ. ಆದರೂ ಅವನ ಪಂಥದ ಅಂಕಿಗಳು ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕೆ ಅಡ್ಡಿಯಾದ ವಾದಗಳಿಗೆ ಬಲವನ್ನು ಒದಗಿಸಿದುವು. ಆ ವಾದಗಳ ದೋಷವನ್ನು ಎತ್ತಿ ತೋರಿಸಿದವರಲ್ಲಿ, ಅದೇ ವಿದ್ಯೆಯನ್ನು ಕಲಿತು, ಅದೇ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಂಡ ಸ್ತ್ರೀಯರ ಸ್ಥಾನ ಹಿರಿದು ಎಂಬುದನ್ನು ನಾವು ನೆನೆಯಬೇಕು.